ಶಾಂತಿಯ ಕಿರುಬೆರಳು

ಹನೆಸಾಕಿ ಊರಿನ ರೈಲು ಸ್ಟೇಷನ್ನಿನಿಂದ ಹೊರಬಿದ್ದ ಯಾರಿಗೇ ಆಗಲಿ ಮೊದಲು ಕಣ್ಣಿಗೆ ಬೀಳುತ್ತಿದ್ದವಳು ಒಬ್ಬ ಬೆತ್ತಲೆ ಹೆಂಗಸು. ಕಂಚಿನವಳು. ಒಂದೂವರೆ ಮೊಳದ ಕಲ್ಲುಪೀಠದ ಮೇಲೆ ನಿಂತು, ಬಲಗೈ ಎತ್ತಿ, ಒಂದು ಪಾರಿವಾಳವನ್ನು ಆಕಾಶಕ್ಕೆ ಬಿಡುತ್ತಿದ್ದಳು. ಹೆಸರು ಶಾಂತಿ. ಯುದ್ಧ ಸೋತ ಹನ್ನೊಂದನೆಯ ವರ್ಷಕ್ಕೆ ಊರಿಗೆ ಶಾಂತಿ ಬೇಕೆನಿಸಿ, ಶಾಂತಿಗೆ ಬಟ್ಟೆ ಬೇಡವೆನಿಸಿ, ಪುರಸಭೆಯ ಗಂಡಸರೆಲ್ಲ ಕೂಡಿ ಅವಳನ್ನು ಅಲ್ಲಿ ನಿಲ್ಲಿಸಿದ್ದರು.

ಪ್ರವೇಶ ಪರೀಕ್ಷೆಗೆ ಹೊರಟ ಹುಡುಗರು ಅವಳ ಹಿಂಬದಿಯನ್ನು ಒಂದು ಸಲ ಸವರಿ ರೈಲು ಹತ್ತಿದರೆ ಪಾಸಾಗುತ್ತಾರೆ ಎಂಬ ನಂಬಿಕೆ ಯಾವಾಗ ಹುಟ್ಟಿತೋ ಯಾರಿಗೂ ನೆನಪಿಲ್ಲ. ಮೈಯೆಲ್ಲ ಹಸಿರು ಕಿಲುಬು ಹಿಡಿದಿದ್ದರೂ ಅಷ್ಟು ಭಾಗ ಮಾತ್ರ ಆಗತಾನೆ ತಿಕ್ಕಿಟ್ಟ ಚೊಂಬಿನ ಹಾಗೆ ಥಳಥಳ ಎನ್ನುತ್ತಿತ್ತು. ದಿನಾ ಬೆಳಿಗ್ಗೆ ಸೈಕಲ್ಲಿನ ಹಿಂದೆ ತೋಫು ಡಬ್ಬಿ ಕಟ್ಟಿಕೊಂಡು ಆ ದಾರಿಯಲ್ಲಿ ಬರುವ ಇಸೊಬೆ ತೊಮೆ ಆ ಹೊಳಪನ್ನು ನೋಡಿ, ಇನ್ನೆಷ್ಟು ಜನ ಡಾಕ್ಟರು ಎಂಜಿನಿಯರು ಆಗಬೇಕೋ ನನ್ನಿಂದ ಎಂದು ಗೊಣಗಿಕೊಂಡು ಪೆಡಲು ತುಳಿಯುತ್ತಿದ್ದಳು. ಗೊಣಗಾಟ ಯಾರಿಗೂ ಕೇಳಿಸುತ್ತಿರಲಿಲ್ಲ. ಕೇಳಿಸಿದ್ದರೂ ಎಪ್ಪತ್ತರ ಮುದುಕಿಗೆ ಅರಳುಮರಳು ಎಂದುಕೊಳ್ಳುತ್ತಿದ್ದರು. ಆ ಹಿಂಬದಿ ಅವಳದೇ ಎಂಬುದು ಊರಲ್ಲಿ ಯಾರಿಗೆ ತಾನೇ ಗೊತ್ತಿತ್ತು?

ತೊಮೆ ಮೀನುಗಾರನ ಐದನೆಯ ಹೆಣ್ಣುಮಗಳು. ತೊಮೆ ಎಂದರೆ ನಿಲ್ಲಿಸು, ಸಾಕು ಎಂದರ್ಥ. ಹೆಣ್ಣು ಸಾಕೆಂದು ಅಪ್ಪ ಇಟ್ಟ ಹೆಸರು ಅದು. ಆಮೇಲೆ ಹುಟ್ಟಿದ್ದೂ ಹೆಣ್ಣೇ, ಆ ಮಾತು ಬೇರೆ. ಶಾಲೆ ನಾಲ್ಕು ವರ್ಷ. ಹದಿಮೂರಕ್ಕೆ ನೂಲಿನ ಗಿರಣಿ. ಅಲ್ಲಿ ಕೊಟ್ಟ ಮರದ ಪಾದರಕ್ಷೆ ಅವಳ ಕಾಲಿಗೆ ಎರಡು ಬೆರಳಷ್ಟು ಚಿಕ್ಕದು. ಹತ್ತು ವರ್ಷ ಅದನ್ನೇ ಮೆಟ್ಟಿ ಮೆಟ್ಟಿ ಎಡಗಾಲಿನ ಕಿರುಬೆರಳು ಪಕ್ಕದ ಬೆರಳ ಮೇಲೆ ಹತ್ತಿ ಕೂತುಬಿಟ್ಟಿತು. ಬಸ್ಸಿನಲ್ಲಿ ಜಾಗ ಸಿಗದವರು ಒಬ್ಬರ ತೊಡೆಯ ಮೇಲೆ ಒಬ್ಬರು ಕೂತ ಹಾಗೆ.

ಅವಳ ಇಪ್ಪತ್ತಮೂರನೆಯ ವರ್ಷದ ಚಳಿಗಾಲದಲ್ಲಿ ಗಿರಣಿಯವರು ನೂಲಿಲ್ಲವೆಂದು ಬಾಗಿಲು ಹಾಕಿದರು. ರಾಜಧಾನಿಯಿಂದ ಬಂದ ಕುಸಾಕಾ ಎಂಬ ಶಿಲ್ಪಿ ಹಳೆಯ ಅಕ್ಕಿಮದ್ಯದ ಉಗ್ರಾಣವೊಂದನ್ನು ಬಾಡಿಗೆಗೆ ಹಿಡಿದಿದ್ದಾರೆ, ಅವರೆದುರು ನಿಂತುಕೊಳ್ಳಲು ಒಬ್ಬ ಹೆಂಗಸು ಬೇಕಂತೆ ಎಂದು ಗಿರಣಿಯ ಗೆಳತಿ ಹೇಳಿದಳು. ಬಟ್ಟೆಯಿಲ್ಲದೆ ನಿಲ್ಲಬೇಕು ಎನ್ನುವುದನ್ನೂ ಹೇಳಿದಳು. ತೊಮೆ ಕೇಳಿದ್ದು ಎರಡೇ ಪ್ರಶ್ನೆ. ಮುಟ್ಟುತ್ತಾರಾ? ಒಲೆ ಇದೆಯಾ? ಮುಟ್ಟುವುದಿಲ್ಲ, ಒಲೆ ದಿನವಿಡೀ ಉರಿಯುತ್ತದೆ, ಮಧ್ಯಾಹ್ನಕ್ಕೆ ಸೂಪೂ ಇದೆ ಎಂದಾಗ ಮಾರನೆಯ ದಿನವೇ ಹೊರಟಳು.

ನಲವತ್ತಮೂರು ದಿನ ನಿಂತಳು. ಎಲ್ಲರೂ ಸೆನ್ಸೇ, ಅಂದರೆ ಗುರುಗಳು, ಎಂದು ಕರೆಯುತ್ತಿದ್ದ ಕುಸಾಕಾ ಒಂದು ಕಣ್ಣು ಮುಚ್ಚಿ, ಕೋಲು ಹಿಡಿದು, ಬಡಗಿ ಹಲಗೆ ಅಳೆಯುವಂತೆ ಅವಳನ್ನು ಅಳೆಯುತ್ತಿದ್ದರು. ನಾಚಿಕೆ ಮೊದಲ ದಿನದ ಊಟದ ಹೊತ್ತಿಗೇ ಮುಗಿದುಹೋಯಿತು. ಆಮೇಲೆ ಉಳಿದದ್ದು ಬರೀ ತೊಡೆಯ ಸೆಳೆತ. ಸುಮ್ಮನೆ ನಿಂತವಳಿಗೆ ನೋಡುವುದು ಬಿಟ್ಟು ಬೇರೆ ಕೆಲಸವೇನು? ಸೆನ್ಸೇ ಜೇಡಿಮಣ್ಣು ಮೆತ್ತುವಾಗ ನಾಲಿಗೆ ಹೊರಚಾಚುತ್ತಾರೆ, ಕಾಲುಚೀಲದ ಹಿಮ್ಮಡಿಗೆ ಬೇರೆ ಬಣ್ಣದ ತೇಪೆ ಇದೆ, ನೆತ್ತಿಯ ಮೇಲೆ ನಾಣ್ಯದಗಲ ಕೂದಲಿಲ್ಲ. ಇದೆಲ್ಲ ಅವಳಿಗೆ ಬಾಯಿಪಾಠವಾಯಿತು. ಅವರು ಅವಳನ್ನು ನೋಡಿದಷ್ಟೇ ಹೊತ್ತು ಅವಳೂ ಅವರನ್ನು ನೋಡಿದಳು. ಕಂಚಾದದ್ದು ಮಾತ್ರ ಅವರ ನೋಟ.

ಪಾರಿವಾಳದ್ದೇ ಒಂದು ಕಥೆ. ನಿಜವಾದ ಪಾರಿವಾಳವನ್ನು ಕೈಗೆ ಕೊಟ್ಟ ಮೊದಲ ದಿನವೇ ಅದು ಹಾರಿ ತೊಲೆಯ ಮೇಲೆ ಕೂತು ಸೆನ್ಸೇ ನೆತ್ತಿಯ ಆ ನಾಣ್ಯದ ಮೇಲೇ ಗುರಿಯಿಟ್ಟು ಹಿಕ್ಕೆ ಹಾಕಿತು. ಅಂದಿನಿಂದ ಪಾರಿವಾಳದ ಬದಲು ಒಂದು ದಪ್ಪ ಮೂಲಂಗಿ. ದಿನಕ್ಕೊಂದು ಹೊಸದು ಬರುತ್ತಿತ್ತು, ಬೆಳಿಗ್ಗೆ ಹಿಡಿದದ್ದು ಮಧ್ಯಾಹ್ನ ಸೂಪಿಗೆ ಹೋಗುತ್ತಿತ್ತಲ್ಲ, ಅದಕ್ಕೆ.

ಅವಳ ಮನಸ್ಸಿಗೆ ಚುಚ್ಚಿದ್ದು ಬೇರೆಯೇ. ಬಿಡುವಿನ ಹೊತ್ತಿನಲ್ಲಿ ಪರದೆಯ ಹಿಂದೆ ಹೋಗಿ ಬಟ್ಟೆ ತೊಟ್ಟು, ಒಲೆಯ ಪಕ್ಕ ಟೀ ಕುಡಿಯುತ್ತ ಕೂತಿದ್ದಾಗ ಒಂದು ದಿನ ಪುರಸಭೆಯವರು ನೋಡಲು ಬಂದರು. ಸೆನ್ಸೇ ಅವಳತ್ತ ಬೆರಳು ತೋರಿಸಿ, "ಸೊಂಟ ಇದರದ್ದು, ಕಾಲಂತೂ ಉಪಯೋಗಕ್ಕೆ ಬರಲ್ಲ" ಎಂದರು. ಬಂದವರು ತಲೆಯಾಡಿಸುತ್ತ ಬಟ್ಟೆಯೊಳಗೇ ಕಣ್ಣು ತೂರಿಸಿ ನೋಡಿದರು. ಟೀ ಚೆನ್ನಾಗಿದೆಯಾ ಎಂದು ಒಬ್ಬರೂ ಕೇಳಲಿಲ್ಲ. ಬೆತ್ತಲೆ ನಿಂತಾಗ ಆಗದ ಚಳಿ ಅವತ್ತು ಬಟ್ಟೆ ತೊಟ್ಟು ಒಲೆ ಪಕ್ಕ ಕೂತಾಗ ಆಯಿತು.

ಕೊನೆಯ ವಾರ ಸೆನ್ಸೇ ಯಾವಳೋ ಸಿನಿಮಾ ನಟಿಯ ಚಿತ್ರ ತಂದು ಮುಖ ಬದಲಾಯಿಸಿದರು. ಕಾಲನ್ನು ನಾಲ್ಕು ಬೆರಳು ಉದ್ದ ಎಳೆದರು. ಪಾದಕ್ಕೆ ಬರುವ ಹೊತ್ತಿಗೆ ಎರಕ ಹೊಯ್ಯುವವರು ಬಾಗಿಲಲ್ಲಿ ನಿಂತಿದ್ದರಿಂದ ಪಾದ ಇದ್ದ ಹಾಗೇ ಉಳಿಯಿತು.

ಉದ್ಘಾಟನೆಯ ದಿನ ತೊಮೆ ಜನರ ನಡುವೆ ನಿಂತು ಪೀಠದ ಮೇಲಿನ ಕಲ್ಲಿನ ಫಲಕವನ್ನು ಅಕ್ಷರ ಕೂಡಿಸಿ ಕೂಡಿಸಿ ಓದಿದಳು. ಮೇಯರ್ ಹೆಸರಿತ್ತು. ಸೆನ್ಸೇ ಹೆಸರಿತ್ತು. ಚಂದಾ ಕೊಟ್ಟ ಹದಿನಾಲ್ಕು ಜನರದು, ಎರಕದವನದು, ಕಲ್ಲು ಸಾಗಿಸಿದ ಲಾರಿ ಮಾಲೀಕನದೂ ಇತ್ತು. ಅವಳದಿರಲಿಲ್ಲ. ಧೈರ್ಯ ಮಾಡಿ ಸೆನ್ಸೇಯನ್ನೇ ಕೇಳಿದಳು. ಇದು ನೀನಲ್ಲ, ಶಾಂತಿ, ಒಬ್ಬಳ ಹೆಸರು ಬರೆದರೆ ಇಡೀ ವಿಗ್ರಹವೇ ಸಣ್ಣದಾಗಿಬಿಡುತ್ತದೆ ಎಂದರು ಅವರು. ಓದಿದವರು ಹೇಳಿದ್ದಲ್ಲವೇ ಎಂದು ತಲೆಯಾಡಿಸಿ ಮನೆಗೆ ಬಂದಳು. ಹಾಗಾದರೆ ನಿಮ್ಮ ಹೆಸರು ಬರೆದಾಗ ಯಾಕೆ ಸಣ್ಣದಾಗಲಿಲ್ಲ ಎಂಬ ಪ್ರಶ್ನೆ ಅವಳಿಗೆ ಹೊಳೆದದ್ದು ಹನ್ನೊಂದು ವರ್ಷದ ಮೇಲೆ, ಒಂದು ಬೆಳಿಗ್ಗೆ ತೋಫು ಕತ್ತರಿಸುತ್ತಿದ್ದಾಗ. ಆಗ ಸೆನ್ಸೇ ತೀರಿಕೊಂಡಿದ್ದರು.

ತೋಫು ಎಂದರೆ ಗಂಡನ ಅಂಗಡಿಯದು. ಗಂಡ ಕುರಾಜಿ ಮಾತು ಕಮ್ಮಿ, ಕೈ ಚುರುಕು. ಮೂರ್ತಿಯ ಸಂಗತಿಯನ್ನು ಅವಳು ಅವನಿಗೆ ಹೇಳಿರಲಿಲ್ಲ. ಹಿಮ ಬಿದ್ದ ದಿನಗಳಲ್ಲಿ ಅವನು ಸ್ಟೇಷನ್ನಿಗೆ ತೋಫು ಕೊಡಲು ಹೋದವನು ಬೇಗ ಬರುತ್ತಿರಲಿಲ್ಲ. ಆ ಬೆತ್ತಲೆಯವಳ ಮೈಮೇಲಿನ ಹಿಮ ಗುಡಿಸುತ್ತ ನಿಂತಿರುತ್ತಾನೆ ಎಂದು ಪಕ್ಕದ ಮನೆಯವರು ಚುಚ್ಚಿದರು. ಮದುವೆಯಾಗಿ ಎಂಟನೆಯ ವರ್ಷ ತೊಮೆ ತಡೆಯಲಾರದೆ, ಮನೆಯಲ್ಲಿ ಕಟ್ಟಿಕೊಂಡವಳು ಇರುವಾಗ ಬೀದಿಯಲ್ಲಿ ನಿಂತವಳ ಚಾಕರಿ ಯಾಕೆ ಎಂದು ಜಗಳ ತೆಗೆದಳು. ಕುರಾಜಿ ಸೋಯಾ ಕಾಳು ತೊಳೆಯುತ್ತಿದ್ದವನು ತಲೆ ಎತ್ತಲಿಲ್ಲ.

"ನಿನ್ನ ಕಿರುಬೆರಳ ಮೇಲೆ ಹಿಮ ಕೂತಿತ್ತು. ಒರೆಸಿ ಬಂದೆ" ಎಂದ.

ಅಷ್ಟೇ. ಆ ವಿಷಯ ಮತ್ತೆ ಅವನ ಬಾಯಲ್ಲಿ ಬರಲಿಲ್ಲ, ತೊಮೆಯೂ ತೆಗೆಯಲಿಲ್ಲ. ಅವತ್ತು ಮಾತ್ರ ತೊಮೆ ಸೋಯಾ ಹಾಲು ಒಡೆಸುವ ಉಪ್ಪಿನ ಕಹಿನೀರನ್ನು ಎರಡು ಸಲ ಹಾಕಿ ಇಡೀ ಪಾತ್ರೆ ತೋಫು ಇಟ್ಟಿಗೆಯಾಯಿತು.

ಕುರಾಜಿ ಹೋದಾಗ ಕಲ್ಲುಕುಟಿಗ ತೊಕುಮಾತ್ಸು ಸಮಾಧಿಕಲ್ಲು ಕೆತ್ತಿದ. ಆ ಕಡೆಯ ಪದ್ಧತಿಯಂತೆ ಗಂಡನ ಹೆಸರಿನ ಪಕ್ಕಕ್ಕೇ ಹೆಂಡತಿಯ ಹೆಸರನ್ನೂ ಕೆತ್ತಿದ, ಮತ್ತೊಮ್ಮೆ ಕಲ್ಲು ತೆರೆಯುವ ರಗಳೆ ಬೇಡವಲ್ಲ. ಅವಳು ಇನ್ನೂ ಇದ್ದಾಳೆ ಎಂದು ತಿಳಿಯಲಿ ಅಂತ ಆ ಅಕ್ಷರಗಳಿಗೆ ಮಾತ್ರ ಕೆಂಪು ಬಣ್ಣ ತುಂಬಿದ. ಅವಳು ಸತ್ತ ದಿನ ಆ ಕೆಂಪನ್ನು ಕೆರೆದು ತೆಗೆಯುತ್ತಾರೆ. ವರ್ಷಕ್ಕೆರಡು ಸಲ ಸಮಾಧಿ ತೊಳೆಯಲು ಹೋದಾಗ ತೊಮೆ ತನ್ನ ಹೆಸರಿನ ಮೇಲೆ ಬೆರಳಾಡಿಸಿ, ಇನ್ನೂ ಕೆಂಪಗೇ ಇದ್ದೀನಿ ಕಣ್ರೀ, ಅವಸರ ಮಾಡಬೇಡಿ ಎಂದು ಗಂಡನಿಗೆ ಹೇಳಿ ಬರುತ್ತಿದ್ದಳು.

ಹೀಗಿರುವಾಗ ಸ್ಟೇಷನ್ ಒಡೆದು ಹೊಸದಾಗಿ ಕಟ್ಟುವ ಮಾತು ಬಂತು. ಮಾರ್ಚ್ ಕೊನೆಗೆ ಕೆಲಸ ಶುರು. ಶಾಂತಿಯನ್ನು ಏನು ಮಾಡುವುದು ಎಂದು ಕೇಳಿ ಸಭೆಯ ಚೀಟಿಯೊಂದು ಮನೆಯಿಂದ ಮನೆಗೆ ಹೋಯಿತು. ಓದಿ, ಮೊಹರೊತ್ತಿ, ಪಕ್ಕದ ಮನೆಗೆ ದಾಟಿಸುವುದು ರೂಢಿ. ತೊಮೆಯ ಮನೆಯಲ್ಲಿ ಅದು ಮೂರು ದಿನ ಕೂತಿತು. ನಾಲ್ಕನೆಯ ದಿನ ಅವಳು ಮೊಹರೊತ್ತಿ ದಾಟಿಸಿ, ಇದ್ದುದರಲ್ಲಿ ಒಳ್ಳೆಯ ಕಿಮೋನೊ ಉಟ್ಟು, ಸಭೆಗೆ ಹೋಗಿ ಹಿಂದಿನ ಸಾಲಿನಲ್ಲಿ ಕುಳಿತಳು.

ಮೂರ್ತಿ ತೆಗೆಯಲೇಬೇಕು ಎಂದವಳು ಹೈಸ್ಕೂಲಿನ ಮೇಡಂ ಚಿಸಾತೊ. ಒಂದು ಹೆಣ್ಣನ್ನು ಸಾಮಾನು ಮಾಡಿ ಬೀದಿಯಲ್ಲಿಟ್ಟಿದ್ದೇವೆ, ಹುಡುಗರು ಸವರುವುದನ್ನು ಆ ಸಾಮಾನಿನಿಂದಲೇ ಕಲಿಯುತ್ತಾರೆ ಎಂದಳು. ಶಾಂತಿ ಗಂಡಸಿನ ರೂಪದಲ್ಲಿ ಯಾಕೆ ಬರಲಿಲ್ಲ, ಹಳೆಯ ಮೇಯರನ್ನೇ ಹಾಗೆ ನಿಲ್ಲಿಸಬಹುದಿತ್ತಲ್ಲ ಎಂದೂ ಕೇಳಿದಳು. ಹಳೆಯ ಮೇಯರನ್ನು ಕಂಡಿದ್ದ ಮುದುಕಿಯರು ಚಾಪೆಯ ಮೇಲೆ ಹೊರಳಾಡಿ ನಕ್ಕರು. ತೆಗೆಯಲೇಬಾರದು ಎಂದವನು ಫೋಟೊ ಸ್ಟುಡಿಯೊ ನಡೆಸಿ ನಿವೃತ್ತನಾದ ಓಗಿವಾರಾ. ಅವನ ಬಳಿ ಶಾಂತಿಯ ಚಿತ್ರಗಳದೇ ನಲವತ್ತೊಂದು ಆಲ್ಬಮ್ಮು. ಅದು ಹೆಂಗಸಲ್ಲ, ಬರೀ ರೂಪ, ಅದರಲ್ಲಿ ಹೆಂಗಸನ್ನು ಕಾಣುವವರ ಕಣ್ಣೇ ಕೆಟ್ಟದ್ದು ಎಂದು ಅವನು ವಾದಿಸಿದ.

ಒಂದು ಗಂಟೆ ಇದೇ ನಡೆಯಿತು. ಆಮೇಲೆ ಹಿಂದಿನ ಸಾಲಿನಿಂದ ತೊಮೆ, "ಅವಳ್ನ ಯಾರಾದ್ರೂ ಕೇಳಿದ್ರಾ?" ಎಂದಳು.

ಅಧ್ಯಕ್ಷರ ಕುರ್ಚಿಯಲ್ಲಿದ್ದ ಪುರಸಭೆಯ ಅಧಿಕಾರಿ ನಾಗುರಾ ನಕ್ಕ. "ತೊಮೆಸಾನ್, ಕಂಚು ಮಾತಾಡಲ್ವಲ್ಲ."

"ಕಂಚಿಗೆ ಮುಂಚೆ ಒಬ್ಬಳು ನಿಂತಿದ್ದಳಲ್ಲ. ಅವಳ್ನ ಕೇಳಿದ್ರಾ ಅಂದೆ."

ಅವಳು ಯಾರೋ ರಾಜಧಾನಿಯವಳು ಇರಬೇಕು, ಅಂಥ ಕಾಲು ನಮ್ಮೂರಲ್ಲಿ ಯಾರಿಗಿತ್ತು ಎಂದ ಓಗಿವಾರಾ.

"ಕಾಲು ಸೆನ್ಸೇದು" ಎಂದಳು ತೊಮೆ. "ಪಾದ ನಂದು."

ಸಭೆಗೆ ಸಭೆಯೇ ಎದ್ದು ಅವಳ ಹಿಂದೆ ಸ್ಟೇಷನ್ನಿಗೆ ನಡೆಯಿತು. ತೊಮೆ ಪೀಠದ ಅಂಚಿನಲ್ಲಿ ಕೂತು, ಎಡಗಾಲಿನ ಬಿಳಿ ಕಾಲುಚೀಲದ ಕೊಂಡಿಗಳನ್ನು ಒಂದೊಂದಾಗಿ ಬಿಚ್ಚಿ, ಬರಿಯ ಪಾದವನ್ನು ಕಂಚಿನ ಪಾದದ ಪಕ್ಕದಲ್ಲಿಟ್ಟಳು. ಎರಡೂ ಕಡೆ ಕಿರುಬೆರಳು ಪಕ್ಕದವನ ತೊಡೆಯೇರಿ ಕೂತಿತ್ತು. ಆಗ ನೋಡಬೇಕಿತ್ತು ಗಂಡಸರನ್ನು. ಓಗಿವಾರಾ ರೈಲಿನ ವೇಳಾಪಟ್ಟಿ ಓದತೊಡಗಿದ. ನಾಗುರಾ ತನ್ನ ಬೂಟನ್ನು ನೋಡಿಕೊಂಡ. ಉಳಿದವರು ಮೋಡ ನೋಡಿದರು.

"ನಲವತ್ತೇಳು ವರ್ಷ ಅಷ್ಟೆಲ್ಲ ನೋಡಿದೋರು ಒಂದು ಪಾದಕ್ಕೆ ನಾಚ್ಕೋತೀರಲ್ಲ" ಎಂದಳು ತೊಮೆ.

ಕಂಚಿನವಳ ಕೈಬೆರಳನ್ನೂ ತೋರಿಸಿದಳು. ಪಾರಿವಾಳವನ್ನು ಯಾರಾದರೂ ಹೀಗೆ ಬಿಗಿಯಾಗಿ ಹಿಡಿಯುತ್ತಾರಾ, ಅದರ ಪ್ರಾಣ ಹೋಗುವುದಿಲ್ಲವಾ, ಇದು ಮೂಲಂಗಿ ಹಿಡಿದ ಕೈ ಎಂದು ವಿವರಿಸಿದಳು. ಮೂರ್ತಿಯ ಕಲೆಯ ಬಗ್ಗೆ ಎರಡು ಲೇಖನ ಬರೆದಿದ್ದ ಓಗಿವಾರಾ ವೇಳಾಪಟ್ಟಿಯನ್ನು ಎರಡನೆಯ ಸಲ ಓದಿದ.

ಚಿಸಾತೊ ಕಣ್ಣಲ್ಲಿ ನೀರು ತಂದುಕೊಂಡು ಅವಳ ಪಕ್ಕ ಕುಕ್ಕರಿಸಿದಳು. "ಅಜ್ಜಿ, ನಿಮಗೆ ಎಂಥ ಅನ್ಯಾಯ ಆಗಿದೆ."

"ಆಗಿದೆ ತಾಯಿ. ನೀನು ಅಂದ್ಕೊಂಡಿರೋ ಜಾಗದಲ್ಲಲ್ಲ." ತೊಮೆ ಕಾಲುಚೀಲ ಹಾಕಿಕೊಳ್ಳುತ್ತ ಹೇಳಿದಳು. "ಬಟ್ಟೆ ಬಿಚ್ಚಿದ್ದು ನಾನೇ, ಒಪ್ಪಿ ಬಿಚ್ಚಿದ್ದು. ಒಲೆ ಬೆಚ್ಚಗಿತ್ತು. ಆದ್ರೆ ಬಟ್ಟೆ ಹಾಕ್ಕೊಂಡ ಮೇಲೂ ನನ್ನನ್ನ ಮನುಷ್ಯಳು ಅಂತ ಯಾರೂ ಲೆಕ್ಕಕ್ಕೆ ತಗೊಳ್ಳಲಿಲ್ಲ ನೋಡು, ಅದು. ಲಾರಿ ಮಾಲೀಕನ ಹೆಸರಿದೆ ಇಲ್ಲಿ. ನಂದಿಲ್ಲ."

ಹಾಗಾದರೆ ಮೂರ್ತಿ ಇರಲೋ ಬೇಡವೋ ಎಂದಳು ಚಿಸಾತೊ. ಇವತ್ತು ಗೋದಾಮಿಗೆ ಹಾಕಿದರೆ ಹೆಸರಿಲ್ಲದೆಯೇ ಅಲ್ಲಿ ಬಿದ್ದಿರುತ್ತೇನೆ, ಮೊದಲು ಹೆಸರು ಬರೆಯಿರಿ, ಆಮೇಲೆ ಇಡುವುದೋ ತೆಗೆಯುವುದೋ ನನ್ನನ್ನೂ ಕೂರಿಸಿಕೊಂಡು ಮಾತಾಡಿ ಎಂದಳು ತೊಮೆ.

ನಾಗುರಾ ಕೆಟ್ಟವನಲ್ಲ. ಆದರೆ ಹಿಂದೆ ಯಾರೂ ಮಾಡದ ಕೆಲಸವನ್ನು ಮೊದಲು ಮಾಡುವುದೆಂದರೆ ಅವನಿಗೆ ಹೊಟ್ಟೆನೋವು ಬರುತ್ತಿತ್ತು. ಅರ್ಜಿ ಬರೆಸಿಕೊಂಡ. ಮೂರು ವಾರದ ಮೇಲೆ ಉತ್ತರ ಬಂತು. ಎದುರು ನಿಂತ ಹೆಂಗಸಿನ ಹೆಸರು ಬರೆದ ಪೂರ್ವ ಉದಾಹರಣೆ ಯಾವ ಊರಲ್ಲೂ ಇಲ್ಲವಾದ್ದರಿಂದ ವಿಷಾದಿಸುತ್ತೇವೆ. ವಿಗ್ರಹವನ್ನು ತಿಂಗಳ ಕೊನೆಗೆ ಪೀಠಸಮೇತ ಗೋದಾಮಿಗೆ ಸಾಗಿಸಲಾಗುವುದು. ಒಮ್ಮೆ ಆ ಗೋದಾಮು ಸೇರಿದ ವಸ್ತು ಹೊರಗೆ ಬಂದದ್ದನ್ನು ಹನೆಸಾಕಿಯಲ್ಲಿ ಯಾರೂ ಕಂಡಿರಲಿಲ್ಲ. ಉಳಿದದ್ದು ಒಂಬತ್ತು ದಿನ.

ತೊಮೆ ಕಾಗದವನ್ನು ಮಡಚಿ ಎದೆಯ ಬಳಿ ಸಿಕ್ಕಿಸಿಕೊಂಡು, ಎಂಟು ಕರಿದ ತೋಫು ಕಟ್ಟಿಕೊಂಡು, ಕಲ್ಲುಕುಟಿಗ ತೊಕುಮಾತ್ಸುವಿನ ಮನೆಗೆ ಹೋದಳು. ಏನು ಮಾತಾಡಿಕೊಂಡರೋ ಅವರಿಬ್ಬರಿಗೇ ಗೊತ್ತು. ಜೋರಾಗಿ ನಕ್ಕದ್ದನ್ನು ಮಾತ್ರ ಅವನ ಸೊಸೆ ಕೇಳಿಸಿಕೊಂಡಳು.

ಮುಂದಿನ ಭಾನುವಾರ ಇಡೀ ಕೇರಿ ಪೊರಕೆ ಹಿಡಿದು ಬೀದಿ ಗುಡಿಸುವ ದಿನ. ಮೂರ್ತಿಯ ಸುತ್ತ ತೊಳೆಯುವ ಪಾಳಿ ಎಂದಿನಂತೆ ತೊಮೆಯದು. ಜೊತೆಗೆ ತೊಕುಮಾತ್ಸುವೂ ಉಳಿ ಸುತ್ತಿಗೆಯ ಚೀಲದೊಡನೆ ಬಂದ. ಕಲ್ಲಿನ ಸಂದಿಯ ಪಾಚಿ ತೆಗೆಯುತ್ತಿದ್ದಾನೆ ಎಂದುಕೊಂಡು ನಾಗುರಾನೇ ಅವನಿಗೆ ಥ್ಯಾಂಕ್ಸ್ ಹೇಳಿ, ಒಂದು ಬಾಟಲಿ ತಣ್ಣನೆಯ ಟೀ ಕೊಟ್ಟು ಹೋದ.

ಸೋಮವಾರ ಬೆಳಿಗ್ಗೆ ನೋಡಿದರೆ ಪೀಠದ ಮೇಲೆ, ಸೆನ್ಸೇ ಹೆಸರಿನ ಪಕ್ಕಕ್ಕೇ, ಅಷ್ಟೇ ದಪ್ಪ ಅಕ್ಷರದಲ್ಲಿ ಇಸೊಬೆ ತೊಮೆ. ಅಚ್ಚ ಕೆಂಪು.

ನಾಗುರಾ ಅಳಿಸಲು ಇಬ್ಬರು ಕೆಲಸಗಾರರನ್ನು ಕಳಿಸಿದ. ಅವರು ಕೆರೆಯುವ ಉಳಿ ಹಿಡಿದು ಕುಕ್ಕರಿಸಿದರು, ಕೆಂಪು ನೋಡಿದರು, ಎದ್ದರು. ಬದುಕಿರುವವರ ಕೆಂಪನ್ನು ಕೆರೆಯುವ ಕೆಲಸ ನಮ್ಮಿಂದಾಗದು, ನಮ್ಮ ಮನೆಯಲ್ಲೂ ಮುದುಕರಿದ್ದಾರೆ ಎಂದು ಉಳಿ ಕೆಳಗಿಟ್ಟು ಟೀ ಕುಡಿಯಲು ಹೋದರು. ಕೊನೆಗೆ ನಾಗುರಾ ತಾನೇ ಟೈ ಹೆಗಲ ಮೇಲೆ ಎಸೆದುಕೊಂಡು ಮಂಡಿಯೂರಿದ. ಅಷ್ಟರಲ್ಲಿ ಸೈಕಲ್ಲು ಬಂದು ನಿಂತಿತು.

"ಇವತ್ತೇ ಕೆರೀತೀರಾ, ನಾಳೆನಾ?" ಎಂದು ತೊಮೆ ಬಹಳ ವಿನಯದಿಂದ ಕೇಳಿದಳು. "ಇವತ್ತೇ ಆದ್ರೆ ದೇವಸ್ಥಾನದ ಭಟ್ಟರಿಗೆ ಹೇಳಿಬಿಡ್ತೀನಿ. ನಾಳಿನ ಸೋಯಾ ಕಾಳನ್ನೂ ನೆನೆಹಾಕಲ್ಲ."

"ತೊಮೆಸಾನ್, ಹಾಗೆಲ್ಲ ಅನ್ಬೇಡಿ."

"ನಾನೇನು ಅಂದೆ? ಕೆಂಪು ತೆಗೆದ್ರೆ ನಾನು ಹೋದ ಹಾಗೇ ಲೆಕ್ಕ. ನಿಮ್ಮಜ್ಜಿ ಹೋದಾಗ್ಲೂ ಕಲ್ಲಿನ ಕೆಂಪು ಹಾಗೇ ಅಲ್ವಾ ತೆಗೆದದ್ದು? ನಾನೇ ಬಂದಿದ್ದೆ, ತೋಫು ಕೊಟ್ಟಿದ್ದೆ."

ಸ್ಟೇಷನ್ನಿನಿಂದ ಹೊರಬಂದವರೆಲ್ಲ ನಿಂತು ನೋಡುತ್ತಿದ್ದರು. ಎದುರಿಗೆ ಗಟ್ಟಿಮುಟ್ಟಾಗಿ ನಿಂತ ಮುದುಕಿಯನ್ನು ಉಳಿಯಿಂದ ಕೆರೆದು ಸಾಯಿಸುವವನ ಹಾಗೆ ಕಂಡ ನಾಗುರಾ. ಉಳಿಯನ್ನು ಜೇಬಿಗಿಳಿಸಿ, ಮಂಡಿಯ ಧೂಳು ಕೊಡವಿ ಕಚೇರಿಗೆ ಹೋಗಿ ಕಡತದಲ್ಲಿ ಬರೆದ: ಸಂಬಂಧಪಟ್ಟ ವ್ಯಕ್ತಿಯು ಜೀವಂತವಿರುವುದರಿಂದ ಕ್ರಮವನ್ನು ಮುಂದೂಡಲಾಗಿದೆ.

ಬದುಕಿರುವವಳ ಹೆಸರು ಹೊತ್ತ ಕಲ್ಲನ್ನು ಕತ್ತಲೆ ಗೋದಾಮಿಗೆ ಹೊರಲು ಲಾರಿಯವರೂ ಒಪ್ಪಲಿಲ್ಲ. ಮತ್ತೆ ಸಭೆ ಸೇರಿತು. ಈ ಸಲ ತೊಮೆಗೆ ಮುಂದಿನ ಸಾಲಿನಲ್ಲಿ ಮೆತ್ತೆ, ಕೈಗೆ ಟೀ. ಟೀ ಹೇಗಿದೆ ಎಂದು ನಾಗುರಾ ಎರಡು ಸಲ ಕೇಳಿದ. ಸ್ವಲ್ಪ ನೀರು ಎಂದಳು ತೊಮೆ. ಎಲ್ಲ ಕೇಳಿದ ಮೇಲೆ ತನ್ನ ಅಭಿಪ್ರಾಯ ಹೇಳಿದಳು: ಇರಲಿ, ಆದರೆ ಸೈಕಲ್ ಸ್ಟ್ಯಾಂಡಿನ ಬಳಿ, ಬೆನ್ನು ಗೋಡೆಗೆ ಅಂಟಿಸಿ. ಸವರಲು ಸಂದಿ ಇರಬಾರದು. ಹಾಗೇ ಆಯಿತು. ಸಂದಿ ಇದ್ದರೂ ಯಾರೂ ಸವರುತ್ತಿರಲಿಲ್ಲವೇನೋ. ಹುಡುಗರು ಈಗ ಆ ದಾರಿಯಲ್ಲಿ ಬಂದರೆ, ತೋಫು ಅಜ್ಜಿ ಇದು, ಎಂದು ಪಿಸುಗುಟ್ಟಿ ಟೋಪಿ ಸರಿಮಾಡಿಕೊಂಡು ಹೋಗುತ್ತಿದ್ದರು. ಆ ವರ್ಷವೂ ಪರೀಕ್ಷೆಯಲ್ಲಿ ಎಂದಿನಷ್ಟೇ ಜನ ಪಾಸಾದರು. ಚಿಸಾತೊ ಅದನ್ನು ಶಾಲೆಯ ನೋಟಿಸ್ ಬೋರ್ಡಿಗೆ ಹಚ್ಚಿದಳು.

ಒಂದು ದಿನ ಓಗಿವಾರಾ ಅಂಗಡಿಗೆ ಬಂದ. ಮಾಡು ನೋಡುತ್ತ ಒಂದು ತೋಫು ಕೇಳಿದ. ಆಮೇಲೆ ಆ ನಲವತ್ತೊಂದು ಆಲ್ಬಮ್ ಏನು ಮಾಡಲಿ ಎಂದ. ತನ್ನಿ ನೋಡೋಣ ಎಂದಳು ತೊಮೆ. ಒಂದೊಂದೇ ಹಾಳೆ ತಿರುವಿ ಪೂರ್ತಿ ನೋಡಿದಳು. ಅವನ ಕಿವಿ ಕೆಂಪಾಗುತ್ತ ಹೋಯಿತು. ಸೊಂಟವಿತ್ತು, ಎದೆಯಿತ್ತು, ಹೊಳೆಯುವ ಹಿಂಬದಿಯಂತೂ ಬಿಸಿಲಲ್ಲಿ, ಮಳೆಯಲ್ಲಿ, ಹೂ ಉದುರುವಾಗ. ಪಾದ ಒಂದರಲ್ಲೂ ಇರಲಿಲ್ಲ.

ತಪ್ಪಾಯಿತು, ಈಗ ಒಂದು ತೆಗೆಯಬಹುದಾ, ನೀವೂ ಪಕ್ಕದಲ್ಲಿ ಕೂತು, ಎಂದು ಅವನು ಕೇಳಿದ. ಅಷ್ಟು ವರ್ಷದಲ್ಲಿ ಅವನು ಹಾಗೆ ಕೇಳಿದ್ದು ಮೊದಲ ಸಲ. ತೊಮೆ ಯೋಚಿಸಿ ಒಪ್ಪಿದಳು. ಆದರೆ ಬೆಳಕು ಸರಿಯಿದೆಯಾ ನೋಡಬೇಕು, ಮೊದಲು ನೀವು ನಿಂತು ತೋರಿಸಿ ಎಂದು ಅಡುಗೆಮನೆಯಿಂದ ಒಂದು ದಪ್ಪ ಮೂಲಂಗಿ ತಂದು ಅವನ ಕೈಗಿಟ್ಟಳು.

ಅವತ್ತು ಮಧ್ಯಾಹ್ನದ ರೈಲಿಗೆ ಬಂದವರೆಲ್ಲ ಕಂಡರು: ಕಂಚಿನವಳ ಪಕ್ಕದಲ್ಲಿ ಎಪ್ಪತ್ತಾರರ ಓಗಿವಾರಾ ಕೋಟು ತೊಟ್ಟು, ಮೂಲಂಗಿಯನ್ನು ಆಕಾಶಕ್ಕೆ ಹಿಡಿದು ನಿಂತಿದ್ದಾನೆ. ಎದುರಿಗೆ ತೊಮೆ ಒಂದು ಕಣ್ಣು ಮುಚ್ಚಿ, ಸೈಕಲ್ಲಿನ ಪಂಪು ಅಡ್ಡ ಹಿಡಿದು ಅವನನ್ನು ಅಳೆಯುತ್ತಿದ್ದಾಳೆ. ಕೈ ಇನ್ನೂ ಸ್ವಲ್ಪ ಮೇಲೆ, ಅಲ್ಲಾಡಬೇಡಿ ಎನ್ನುತ್ತಿದ್ದಾಳೆ. ನಾಲ್ಕೇ ನಿಮಿಷಕ್ಕೆ ಅವನ ತೋಳು ನಡುಗಿತು. ತೊಮೆ ಬಿಟ್ಟದ್ದು ಹತ್ತನೆಯ ನಿಮಿಷಕ್ಕೆ. ಆಮೇಲೆ ಕಾಲುಚೀಲ ಬಿಚ್ಚಿ, ಕಿರುಬೆರಳು ಚೆನ್ನಾಗಿ ಕಾಣುವ ಹಾಗೆ ಪಾದವಿಟ್ಟು, ಫೋಟೊ ತೆಗೆಸಿಕೊಂಡು, ಮೂಲಂಗಿಯನ್ನು ವಾಪಸು ಇಸಿದುಕೊಂಡು ಮನೆಗೆ ಹೋಗಿ ಸೂಪು ಮಾಡಿದಳು.